ಸಿಎ ಕೆಲಸದಲ್ಲಿ ಎಡವಟ್ಟಾದರೆ ದೂರು ಕೊಡುವುದು ಹೇಗೆ?

ಶಿರಸಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದೀರಿ, ಲೆಕ್ಕದವರಿಗೆ ಪ್ರತಿ ತಿಂಗಳು ಫೀ ಕೊಡುತ್ತೀರಿ, ಆದರೂ ಜಿಎಸ್‌ಟಿ ನೋಟಿಸ್ ಬಂತು. ಸಿಟ್ಟು ಬರುತ್ತದೆ, ಸಹಜ. ಆದರೆ ಜಗಳಕ್ಕೆ ಹೋಗುವ ಮೊದಲು ಅವರು ನಿಜವಾಗಿ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್, ಹೌದಾ ನೋಡಿ. ನಮ್ಮ ಕಡೆ ಲೆಕ್ಕ ಬರೆಯುವವರೆಲ್ಲ ಸಿಎ ಅಲ್ಲ. ಸಿಎಗಳನ್ನು ನಿಯಂತ್ರಿಸುವ ಐಸಿಎಐ ಸಂಸ್ಥೆಗೆ ತನ್ನ ಸದಸ್ಯರ ಮೇಲೆ ಮಾತ್ರ ಅಧಿಕಾರ.

ಆಮೇಲೆ ದಾಖಲೆ. ಇದೇ ಮುಖ್ಯ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿದರೆ ಯಾವ ತಿಂಗಳ ರಿಟರ್ನ್ ಯಾವ ದಿನ ಹೋಗಿದೆ ಅಂತ ಸಾಲಾಗಿ ಬರುತ್ತದೆ, ಅದರ ಪಕ್ಕ ನೀವು ಬಿಲ್ ಕಳಿಸಿದ ವಾಟ್ಸಾಪ್ ಮೆಸೇಜಿನ ತಾರೀಖು ಇಟ್ಟು ನೋಡಿ, ತಪ್ಪು ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ನೀವೇ ಬಿಲ್ ತಡವಾಗಿ ಕೊಟ್ಟಿದ್ದರೆ ದೂರು ನಿಲ್ಲುವುದು ಕಷ್ಟ. ಸಿಎ ಸಹಿ ಮಾಡಿ ಕೊಟ್ಟ ಸರ್ಟಿಫಿಕೇಟ್ ಮೇಲೆ ಅನುಮಾನವಿದ್ದರೆ ಅದರ ಮೇಲಿನ ಯುಡಿಐಎನ್ ಎಂಬ ಗುರುತಿನ ನಂಬರನ್ನು ಆನ್‌ಲೈನ್‌ನಲ್ಲಿ ಪರೀಕ್ಷಿಸಿ.

ಇಷ್ಟಾದ ಮೇಲೆ ವಕೀಲರಿಗೆ ತೋರಿಸಿ, ಸಿಎಗೆ ಲಿಖಿತ ನೋಟಿಸ್ ಕಳಿಸಿ. ದಾರಿ ಎರಡು. 1949ರ ಸಿಎ ಕಾಯ್ದೆಯಡಿ ಫಾರ್ಮ್ 1ರಲ್ಲಿ ಐಸಿಎಐ ಶಿಸ್ತು ವಿಭಾಗಕ್ಕೆ ದೂರು ಕೊಡಬಹುದು. ಅಲ್ಲಿ ಶಿಕ್ಷೆಯಾಗಬಹುದು, ನಿಮ್ಮ ನಷ್ಟದ ದುಡ್ಡು ಮಾತ್ರ ಬರುವುದಿಲ್ಲ. ಪರಿಹಾರ ಬೇಕೆಂದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ ಅಥವಾ ಸಿವಿಲ್ ಕೋರ್ಟ್. ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ದೊಡ್ಡ ವ್ಯಾಪಾರಕ್ಕೆ ಪಡೆದ ಸೇವೆಯ ದೂರು ಅಲ್ಲಿ ನಡೆಯುವುದಿಲ್ಲ, ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಅಂತ ತೋರಿಸಬೇಕಾಗುತ್ತದೆ.

ಅಷ್ಟರಲ್ಲಿ ಬಂದ ತೆರಿಗೆ ನೋಟಿಸಿಗೆ ಉತ್ತರ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ, ಅದರ ಗಡುವು ನಿಮ್ಮ ದೂರಿಗೆ ಕಾಯುವುದಿಲ್ಲ.