ಕುಂಡ ಬದಲಿಸುವ ಮುನ್ನ ನೀರು ಅಳೆಯಿರಿ: ಸಸಿ ವರ್ಗಾವಣೆ ಮತ್ತು ರಸಸಾರ

ಕುಂಡ ಬದಲಿಸಿದ ಸಸಿ ಎರಡು ಮೂರು ದಿನ ಬಾಡಿದರೆ ಅದು ಬೇರಿಗೆ ಬಿದ್ದ ಪೆಟ್ಟು. ಮೂರ್ನಾಲ್ಕು ವಾರ ಚೆನ್ನಾಗಿ ಬೆಳೆದು ಆಮೇಲೆ ಚಿಗುರೆಲೆ ಹಳದಿಯಾಗತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ರಸಸಾರವನ್ನು, ಅಂದರೆ ಪಿಎಚ್ ಅನ್ನು. ಹೆಚ್ಚಿನವರು ಎರಡಕ್ಕೂ ಗೊಬ್ಬರ ಸುರಿಯುತ್ತಾರೆ. ಎರಡಕ್ಕೂ ಅದು ಮದ್ದಲ್ಲ.

ಪಿಎಚ್ 7 ಅಂದರೆ ತಟಸ್ಥ. ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿತೆಂದು ಲೆಕ್ಕ, ಹಾಗಾಗಿ 6.5ಕ್ಕೂ 7.5ಕ್ಕೂ ಇರುವ ಅಂತರ ಸಣ್ಣದಲ್ಲ. ಮಣ್ಣು ಸೇರಿದ ಮಿಶ್ರಣದಲ್ಲಿ ಬಹುಪಾಲು ತರಕಾರಿ, ಹೂಗಿಡಗಳಿಗೆ 6.0ರಿಂದ 7.0 ಹಿತ. ಮಣ್ಣಿಲ್ಲದ, ನಾರಿನ ಪುಡಿಯ ಮಿಶ್ರಣದಲ್ಲಿ 5.5ರಿಂದ 6.5. ಅಜೇಲಿಯಾ, ಬ್ಲೂಬೆರಿಯಂಥ ಹುಳಿಪ್ರಿಯ ಗಿಡಗಳಿಗೆ 4.5ರಿಂದ 5.5 ಬೇಕು.

ಮಿಶ್ರಣ

ಮಿಶ್ರಣ ತಯಾರಿಸಿದ ದಿನವೇ ಸಸಿ ನೆಡಬೇಡಿ. ಪೀಟ್ ಪಾಚಿಯ, ಅಂದರೆ ಜೌಗಿನಲ್ಲಿ ಅರೆಕೊಳೆತ ಪಾಚಿಯ, ಪಿಎಚ್ 3.5ರಿಂದ 4.5ರಷ್ಟಿರುತ್ತದೆ. ಅದಕ್ಕೆ ಲೀಟರಿಗೆ 3ರಿಂದ 5 ಗ್ರಾಂ ನುಣ್ಣನೆಯ ಡೋಲೊಮೈಟ್ ಸುಣ್ಣದ ಪುಡಿ ಬೆರೆಸಿ, ತೇವ ಮಾಡಿ, ಒಂದೆರಡು ವಾರ ಬಿಡಬೇಕು. ಒಣ ಮಿಶ್ರಣದಲ್ಲಿ ಸುಣ್ಣ ಕೆಲಸ ಮಾಡುವುದಿಲ್ಲ. ತೆಂಗಿನ ನಾರಿನ ಪುಡಿ ಸಾಮಾನ್ಯವಾಗಿ 5.5ರಿಂದ 6.5ರಲ್ಲೇ ಇರುವುದರಿಂದ ಸುಣ್ಣ ಬೇಡ. ಆದರೆ ಅದರಲ್ಲಿ ಉಪ್ಪಿನಂಶ ಇರಬಹುದು, ಎರಡು ಮೂರು ಬಾರಿ ನೆನೆಸಿ ಹಿಂಡಿ ಬಳಸಿ. ಕಾಂಪೋಸ್ಟ್ ಎಷ್ಟೋ ಸಲ 7 ದಾಟಿರುತ್ತದೆ. ಬೂದಿಯಂತೂ ಪಿಎಚ್ ಅನ್ನು ಒಮ್ಮೆಲೇ ಏರಿಸುತ್ತದೆ, ಎಳೆ ಸಸಿಯ ಕುಂಡಕ್ಕೆ ಅದರ ಸಹವಾಸವೇ ಬೇಡ.

ಅಳೆಯುವುದು ಸುಲಭ. ಒಂದು ಬಟ್ಟಲು ಮಿಶ್ರಣಕ್ಕೆ ಎರಡು ಬಟ್ಟಲು ಬಟ್ಟಿ ಇಳಿಸಿದ ನೀರು ಹಾಕಿ, ಕಲಕಿ, ಅರ್ಧ ಗಂಟೆ ಬಿಟ್ಟು ಮೀಟರ್ ಅದ್ದಿ. ನಲ್ಲಿ ನೀರು ಬಳಸಿದರೆ ನೀವು ಅಳೆದದ್ದು ನಲ್ಲಿಯ ಪಿಎಚ್. ಮೀಟರನ್ನು ಮೊದಲು 7.0 ಮತ್ತು 4.0ರ ಬಫರ್ ದ್ರಾವಣಗಳಲ್ಲಿ, ಅಂದರೆ ಪಿಎಚ್ ನಿಗದಿಯಾಗಿರುವ ದ್ರಾವಣಗಳಲ್ಲಿ, ಸರಿಹೊಂದಿಸಿ. ಅದರ ತುದಿಯನ್ನು ಒಣಗಲು ಬಿಡಬೇಡಿ, ಬಟ್ಟಿ ನೀರಿನಲ್ಲೂ ಇಡಬೇಡಿ, ಅದಕ್ಕೆಂದೇ ಇರುವ ಶೇಖರಣಾ ದ್ರಾವಣದಲ್ಲಿಡಿ. ಮಣ್ಣಿಗೆ ಚುಚ್ಚುವ ಅಗ್ಗದ ಲೋಹದ ಕಡ್ಡಿಗಳನ್ನು ನಂಬುವಂತಿಲ್ಲ.

ವರ್ಗಾವಣೆ

ಕುಂಡವನ್ನು ಬೋರಲು ಹಾಕಿದಾಗ ಮಣ್ಣು ಉದುರದೆ ಇಡಿಯಾಗಿ ಹೊರಬರುವಷ್ಟು ಬೇರು ಹರಡಿದ್ದರೆ ಸಸಿ ಸಿದ್ಧ. ಹೊಸ ಕುಂಡ ಹಳೆಯದಕ್ಕಿಂತ 3ರಿಂದ 5 ಸೆಂ.ಮೀ. ಅಗಲವಿದ್ದರೆ ಸಾಕು. ಮುಂದೆ ಹೇಗೂ ಬೆಳೆಯುತ್ತದಲ್ಲ ಎಂದು ದೊಡ್ಡ ಕುಂಡಕ್ಕೆ ಹಾಕಿದರೆ, ಬೇರು ತಲುಪದ ಜಾಗದಲ್ಲಿ ನೀರು ದಿನಗಟ್ಟಲೆ ಉಳಿದು ಬೇರು ಕೊಳೆಯುತ್ತದೆ. ತಳಕ್ಕೆ ಜಲ್ಲಿ ಹಾಕುವ ಹಳೆಯ ಅಭ್ಯಾಸವೂ ಕೆಲಸಕ್ಕೆ ಬಾರದು. ನುಣುಪಾದ ಮಿಶ್ರಣದಲ್ಲಿರುವ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಒದ್ದೆ ಪದರ ಬೇರಿನ ಹತ್ತಿರಕ್ಕೇ ಮೇಲೇರುತ್ತದೆ. ತೂತಿನ ಮೇಲೊಂದು ಬಲೆ ತುಂಡು ಸಾಕು.

ಒಂದೆರಡು ಗಂಟೆ ಮೊದಲು ಸಸಿಗೆ ನೀರುಣಿಸಿ. ಬಿಸಿಲು ಇಳಿದ ಮೇಲೆ ಕೆಲಸ ಶುರು ಮಾಡಿ. ಕಾಂಡ ಹಿಡಿದು ಎಳೆಯಬೇಡಿ. ಎಳೆಯ ಕಾಂಡ ನಜ್ಜಾದರೆ ಸಸಿ ಮುಗಿಯಿತು, ಎಲೆ ಹರಿದರೆ ಇನ್ನೊಂದು ಬರುತ್ತದೆ. ಬೇರು ಸುತ್ತಿ ಸುತ್ತಿ ಹೆಣೆದುಕೊಂಡಿದ್ದರೆ ಬದಿಗಳಲ್ಲಿ ಮೇಲಿನಿಂದ ಕೆಳಕ್ಕೆ ಮೂರ್ನಾಲ್ಕು ತೆಳು ಗೀರು ಹಾಕಿ, ಇಲ್ಲವಾದರೆ ಅದು ಹೊಸ ಕುಂಡದಲ್ಲೂ ಸುತ್ತುತ್ತಲೇ ಇರುತ್ತದೆ. ಹಳೆಯ ಕುಂಡದಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳಕ್ಕೆ ನೆಡಿ. ಟೊಮೇಟೊ ಮಾತ್ರ ಬೇರೆ, ಅದರ ಕಾಂಡ ಹೂತರೆ ಅಲ್ಲಿಂದಲೂ ಬೇರು ಬಿಡುತ್ತದೆ. ಅಂಚಿನಿಂದ 2 ಸೆಂ.ಮೀ. ತಗ್ಗು ಬಿಟ್ಟು ಮಿಶ್ರಣ ತುಂಬಿ, ಬೆರಳಿನಿಂದ ಒತ್ತಬೇಡಿ. ಕುಂಡವನ್ನು ನೆಲಕ್ಕೆ ಒಂದೆರಡು ಸಲ ಕುಟ್ಟಿದರೆ ಅದೇ ಕೂರುತ್ತದೆ.

ತಳದಿಂದ ನೀರು ಹರಿಯುವವರೆಗೆ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹಾಕಿ. ಒಂದು ವಾರ ನೆರಳು, ಆಮೇಲೆ ದಿನಕ್ಕಿಷ್ಟು ಬಿಸಿಲು. ಎರಡು ವಾರ ಗೊಬ್ಬರ ಬೇಡ, ಆಮೇಲೂ ಅರ್ಧ ಪ್ರಮಾಣ.

ನೀರು

ಬಹಳ ಜನ ಎಡವುವುದು ಇಲ್ಲಿ. ನೀರಿನ ಪಿಎಚ್ 7.2 ಇದೆ, ತೊಂದರೆಯಿಲ್ಲ ಎನ್ನುತ್ತಾರೆ. ಕುಂಡದ ಪಿಎಚ್ ಅನ್ನು ಏರಿಸುವುದು ನೀರಿನ ಪಿಎಚ್ ಅಲ್ಲ, ಅದರಲ್ಲಿ ಕರಗಿರುವ ಬೈಕಾರ್ಬೊನೇಟ್. ಅದನ್ನು ಕ್ಷಾರೀಯತೆ ಎನ್ನುತ್ತಾರೆ. ಅಂಥ ನೀರು ಪ್ರತಿ ಸಲವೂ ಕುಂಡಕ್ಕೆ ಚಿಟಿಕೆ ಸುಣ್ಣ ಹಾಕಿದಂತೆ. ಕುಂಡ ಸಣ್ಣದಿದ್ದಷ್ಟೂ ಬೇಗ ಏರುತ್ತದೆ. ಮೀನಿನ ತೊಟ್ಟಿಗೆ ಬಳಸುವ ಕೆಎಚ್ ಕಿಟ್‌ನಿಂದ ಇದನ್ನು ಅಳೆಯಬಹುದು, ಅದರ 1 ಡಿಗ್ರಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 18 ಮಿ.ಗ್ರಾಂ. 150 ದಾಟಿದರೆ ಕ್ರಮ ಬೇಕು.

ಮಳೆ ನೀರನ್ನು ಅರ್ಧಕ್ಕರ್ಧ ಬೆರೆಸುವುದು ಎಲ್ಲಕ್ಕಿಂತ ಸುರಕ್ಷಿತ, ಕ್ಷಾರೀಯತೆಯೂ ಅರ್ಧವಾಗುತ್ತದೆ. ಅದಿಲ್ಲದಿದ್ದರೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು. 200ರ ಕ್ಷಾರೀಯತೆಯ 10 ಲೀಟರ್ ನೀರನ್ನು ಪಿಎಚ್ 6ರ ಹತ್ತಿರಕ್ಕೆ ತರಲು ಸುಮಾರು 2ರಿಂದ 2.5 ಗ್ರಾಂ ಬೇಕಾಗುತ್ತದೆ. 1.5 ಗ್ರಾಂನಿಂದ ಆರಂಭಿಸಿ, ಕಲಕಿ, ಕಾಲು ಗಂಟೆ ಬಿಟ್ಟು ಅಳೆದು, ಬೇಕಾದರೆ ಚಿಟಿಕೆ ಸೇರಿಸಿ. ಗೊಬ್ಬರ ಬೆರೆಸುವುದಿದ್ದರೆ ಅದೂ ಸೇರಿದ ಮೇಲೆ ಕೊನೆಯ ಅಳತೆ. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಮ್ಲವನ್ನು ತಿಂದುಹಾಕುವುದರಿಂದ ಒಂದು ಸಲ ಹಾಕಿ ಕೈಬಿಡುವ ಉಪಾಯ ಇದಲ್ಲ. ಆಮ್ಲವನ್ನು ಬ್ಲೀಚ್ ಜೊತೆ ಎಂದೂ ಸೇರಿಸಬೇಡಿ, ವಿಷಾನಿಲ ಬರುತ್ತದೆ.

ಎಲೆ ಹೇಳುವುದು

ಚಿಗುರೆಲೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವೆ ಹಳದಿಯಾದರೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಅದು ಇದ್ದರೂ ಪಿಎಚ್ ಏರಿದಾಗ ಕರಗುವುದಿಲ್ಲ. ಇದೇ ಗುರುತು ಕೆಳಗಿನ ಹಳೆಯ ಎಲೆಯಲ್ಲಿ ಕಂಡರೆ ಮೆಗ್ನೀಷಿಯಂ ಕೊರತೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ಆಗ ಮಾತ್ರ ಗೊಬ್ಬರದ ಮಾತು. ಕೆಳಗಿನ ಎಲೆಯ ಅಂಚು ಕಂದಿ ಚುಕ್ಕೆ ಬಿದ್ದರೆ ಪಿಎಚ್ ತೀರಾ ಇಳಿದು ಕಬ್ಬಿಣ, ಮ್ಯಾಂಗನೀಸ್ ಅತಿಯಾಗಿರಬಹುದು.

ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ರಾಸಾಯನಿಕಗಳಿವೆ; ಪಿಎಚ್ ಏರಿದ್ದಾಗ ಕಬ್ಬಿಣ ಕೊಡುವುದಾದರೆ ಅವುಗಳಲ್ಲಿ ಇಡಿಡಿಎಚ್ಎ ರೂಪದ್ದನ್ನು ಕೊಡಿ. ಇಡಿಟಿಎ ರೂಪದ್ದು 6.5ರಾಚೆ ನಿಲ್ಲುವುದಿಲ್ಲ. ಗಂಧಕದ ಪುಡಿಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸಲು ವಾರಗಳೇ ಬೇಕು, ಅದನ್ನು ನೆಡುವ ಮೊದಲೇ ಮಿಶ್ರಣಕ್ಕೆ ಸೇರಿಸಬೇಕೇ ಹೊರತು ಬೇರು ಬಿಟ್ಟ ಕುಂಡಕ್ಕಲ್ಲ. ಪಿಎಚ್ ಇಳಿದಿದ್ದರೆ ಯೂರಿಯಾ, ಅಮೋನಿಯಂ ಗೊಬ್ಬರ ನಿಲ್ಲಿಸಿ ಕ್ಯಾಲ್ಸಿಯಂ ನೈಟ್ರೇಟ್‌ಗೆ ಬದಲಾಯಿಸಿ. ಮೊದಲನೆಯವು ಹುಳಿ ಹೆಚ್ಚಿಸುತ್ತವೆ, ನೈಟ್ರೇಟ್ ತಗ್ಗಿಸುತ್ತದೆ.

ಗಿಡ ಕೀಳದೆ ಅಳೆಯಲು: ಚೆನ್ನಾಗಿ ನೀರುಣಿಸಿ ಅರ್ಧ ಗಂಟೆ ಬಿಡಿ, 15 ಸೆಂ.ಮೀ. ಕುಂಡವಾದರೆ ಮೇಲಿಂದ 100 ಮಿ.ಲೀ. ಬಟ್ಟಿ ನೀರು ಹಾಕಿ, ತಳದಲ್ಲಿ ಬಂದ ಮೊದಲ 50 ಮಿ.ಲೀ. ಹಿಡಿದು ಅಳೆಯಿರಿ. ಎರಡು ವಾರಕ್ಕೊಮ್ಮೆ ಅಂಕಿ ಬರೆದಿಟ್ಟರೆ ಎಲೆ ಹಳದಿಯಾಗುವ ಮೊದಲೇ ಏರಿಳಿತ ಕಾಣುತ್ತದೆ.