ಸಿಗ್ನಲ್‌ನಲ್ಲಿ ಬಿಸಿ ಊದುತ್ತಿದ್ದ ಪದ್ಮಿನಿ

ಅಪ್ಪನ ಹಳೇ ಪದ್ಮಿನಿ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಏಸಿ ಇದೆ. ಗಾಡಿ ಓಡುವಾಗ ತಂಪು, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಬಿಸಿಗಾಳಿ. ತೋರಿಸಿದ ಕಡೆಯೆಲ್ಲ ಒಂದೇ ಮಾತು: ‘ಗ್ಯಾಸ್ ಕಮ್ಮಿ ಆಗಿದೆ ಸಾರ್.’ ಎರಡು ಸಲ ತುಂಬಿಸಿದೆ. ದುಡ್ಡು ದಂಡ.

ಎರಡು ಸಲ ತುಂಬಿಸಿದ ಮೇಲೂ ಹೀಗೇ ಅಂದರೆ ತೊಂದರೆ ಬೇರೆಲ್ಲೋ ಇರಬೇಕಲ್ಲವೇ? ನಿಂತಾಗ ಕಂಡೆನ್ಸರ್‌ಗೆ (ಏಸಿಯ ಬಿಸಿಯನ್ನು ಹೊರಹಾಕುವ ಭಾಗ) ಗಾಳಿ ಕೊಡಬೇಕಾದ್ದು ಫ್ಯಾನ್. ಅದು ತೂಕಡಿಸುತ್ತಾ ತಿರುಗುತ್ತಿತ್ತು. ನೇರ ಬ್ಯಾಟರಿಗೆ ಕೊಟ್ಟೆ, ಗಿರ್ರೆಂದಿತು! ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್, ಫ್ಯಾನ್ ಓಡುವಾಗ ಅದರ ಪಿನ್‌ನಲ್ಲಿ ಬರೀ 8. ಫ್ಯಾನಿನ ವೈರನ್ನು ಗಾಡಿಯ ಬಾಡಿಗೆ ಸೇರಿಸುವ ಅರ್ಥ್ ಬೋಲ್ಟ್ ಪೂರಾ ತುಕ್ಕು. ಮೇಲಾಗಿ, ಸಣ್ಣ ಸ್ವಿಚ್ಚಿನ ಬದಲು ಹೆಚ್ಚಿನ ಕರೆಂಟ್ ಹೊರುವ ರಿಲೇನೇ ಇಲ್ಲ, ಫ್ಯಾನಿನ ಕರೆಂಟೆಲ್ಲ ಪುಟ್ಟ ಸ್ವಿಚ್ ಮೂಲಕ ಹೋಗುತ್ತಿತ್ತು. ಯಾವ ಪುಣ್ಯಾತ್ಮನ ಕೆಲಸವೋ!

ಜೆ.ಸಿ. ರಸ್ತೆಯಿಂದ ರಿಲೇ, ಫ್ಯೂಸ್, ದಪ್ಪ ವೈರ್ ತಂದೆ. ಅರ್ಥ್ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ, ವೈರ್ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ ಬಿಗಿದೆ. ಅರ್ಧ ದಿನದ ಕೆಲಸ.

ಇಂಥ ಹಳೇ ಏಸಿಗಳಲ್ಲಿ ಎಷ್ಟೋ ಆರ್-12 ಎಂಬ ಹಳೇ ಗ್ಯಾಸಿನ ಕಾಲದವು. ಅದರ ಬದಲಿಗೆ ಬಂದ ಆರ್-134ಎ ಗ್ಯಾಸ್ ತುಂಬಿಸುವುದಾದರೆ ಕಂಪ್ರೆಸರ್ ಎಣ್ಣೆಯನ್ನೂ ಬದಲಿಸಿ, ಹಳೇ ಮಿನರಲ್ ಎಣ್ಣೆ ಅದರೊಂದಿಗೆ ಬೆರೆಯುವುದಿಲ್ಲ.

ಮೊನ್ನೆ ಅದೇ ಸಿಗ್ನಲ್‌ನಲ್ಲಿ ಅಪ್ಪ, ‘ಸ್ವಲ್ಪ ಕಮ್ಮಿ ಮಾಡೋ, ಚಳಿ’ ಅಂದರು.