ಎರಡು ಲಿಸ್ಟ್ ಒಂದೇನಾ? ಯುನಿಟ್ ಟೆಸ್ಟ್ ಬರೆದ ನನ್ನ ಅನುಭವ

ಕೋಡಿನ ಒಂದು ಸಣ್ಣ ಭಾಗ ಸರಿಯಾಗಿದೆಯಾ ಅಂತ ನೋಡುವ ನನ್ನ ಯುನಿಟ್ ಟೆಸ್ಟ್ ಫೇಲ್ ಆಗಿತ್ತು. ಮೆಸೇಜ್ ಓದಿದೆ. ಬರಬೇಕಿದ್ದದ್ದು ಇಂಟಿಜರ್‌ಗಳ ಲಿಸ್ಟ್, ಬಂದದ್ದೂ ಇಂಟಿಜರ್‌ಗಳ ಲಿಸ್ಟ್. ಅಷ್ಟೇ ಬರೆದಿತ್ತು, ಒಳಗಿನ ಒಂದು ಸಂಖ್ಯೆಯೂ ಇರಲಿಲ್ಲ. ಡಿಬಗರ್‌ನಲ್ಲಿ ನೋಡಿದರೆ ಎರಡರಲ್ಲೂ 1, 2, 3 ಇತ್ತು, ಅದೇ ಕ್ರಮದಲ್ಲಿ.

ನಾನು ಬಳಸುತ್ತಿದ್ದದ್ದು ಸಿ ಶಾರ್ಪ್ ಭಾಷೆ ಮತ್ತು ಎಂಎಸ್‌ಟೆಸ್ಟ್ ಎಂಬ ಟೆಸ್ಟ್ ಲೈಬ್ರರಿ. ಅಲ್ಲಿ ಎರಡು ಒಂದೇನಾ ಅಂತ ಪರೀಕ್ಷಿಸುವ, ಅಸರ್ಟ್ ಕ್ಲಾಸಿನ ಆರ್‌ಈಕ್ವಲ್‌ಗೆ ಎರಡು ಲಿಸ್ಟ್ ಕೊಟ್ಟರೆ ಅದು ಒಳಗೆ ಇಣುಕಿ ನೋಡುವುದೇ ಇಲ್ಲ. ಎರಡೂ ಮೆಮೊರಿಯಲ್ಲಿರುವ ಒಂದೇ ಆಬ್ಜೆಕ್ಟಾ ಅಂತ ಮಾತ್ರ ನೋಡುತ್ತದೆ. ಇಂಥವೇ ಬೇರೆ ಲೈಬ್ರರಿಗಳಾದ ಎನ್‌ಯುನಿಟ್, ಎಕ್ಸ್‌ಯುನಿಟ್ ಹಾಗಲ್ಲ, ಒಳಗಿರುವುದನ್ನು ಒಂದೊಂದಾಗಿ ಹೋಲಿಸುತ್ತವೆ. ಅವನ್ನು ಬಳಸಿ ಬಂದವರು ಇಲ್ಲಿ ಎಡವುವುದು ಸಹಜ.

ಆಗ ನಾನು ಒಂದು ಫಾರ್ ಲೂಪ್ ಬರೆದೆ. ಬರಬೇಕಾದ ಲಿಸ್ಟಿನ ಉದ್ದಕ್ಕೂ ಹೋಗಿ, ಪ್ರತಿ ಸ್ಥಾನದಲ್ಲಿ ಎರಡೂ ಕಡೆ ಒಂದೇ ಇದೆಯಾ ಅಂತ ನೋಡುವ ಲೂಪ್. ಟೆಸ್ಟ್ ಪಾಸಾಯಿತು. ಕೆಲವು ವಾರ ಕಳೆದ ಮೇಲೆ ಡೇಟಾಬೇಸಿಗೆ ಕೇಳುವ ಒಂದು ಕ್ವೆರಿಯಲ್ಲಿ ಟೇಬಲ್‌ಗಳನ್ನು ಜೋಡಿಸುವ ಜಾಯಿನ್ ತಪ್ಪಿ, ಕೊನೆಯ ಸಾಲು ಎರಡೆರಡು ಸಲ ಬರತೊಡಗಿತು. ಟೆಸ್ಟ್ ಆಗಲೂ ಪಾಸ್! ನನ್ನ ಲೂಪ್ ಮೂರು ನೋಡಿ ನಿಂತುಬಿಡುತ್ತಿತ್ತು. ನಾಲ್ಕನೆಯದು ಇದೆಯೆಂದು ಅದಕ್ಕೆ ಗೊತ್ತೇ ಆಗಲಿಲ್ಲ. ಎರಡನ್ನೂ ಸೆಟ್ ಮಾಡಿ ಹೋಲಿಸಿದ್ದರೂ ಇದೇ ಗತಿ, ಯಾಕೆಂದರೆ ಸೆಟ್ ಎರಡನೆಯ ಪ್ರತಿಯನ್ನು ಇಟ್ಟುಕೊಳ್ಳುವುದೇ ಇಲ್ಲ.

ಅಂದಿನಿಂದ ಅಸರ್ಟ್ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕ್ರಮ ಮುಖ್ಯವಾ? ಒಳಗಿರುವ ಎರಡು ವಸ್ತು ಯಾವಾಗ ಒಂದೇ?

ಫಂಕ್ಷನ್ ವಿಂಗಡಿಸಿ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದರೆ ಎಂಎಸ್‌ಟೆಸ್ಟ್‌ನಲ್ಲಿ ಲಿಸ್ಟ್‌ನಂಥವಕ್ಕೆಂದೇ ಇರುವ ಕಲೆಕ್ಷನ್‌ಅಸರ್ಟ್ ಕ್ಲಾಸಿನ ಆರ್‌ಈಕ್ವಲ್ ಬಳಸುತ್ತೇನೆ. ಅದು ಎಣಿಕೆ, ಕ್ರಮ ಎರಡನ್ನೂ ನೋಡುತ್ತದೆ. ಎಷ್ಟನೇ ಸ್ಥಾನದಲ್ಲಿ ತಪ್ಪಿದೆ ಅಂತಲೂ ಹೇಳುತ್ತದೆ. ಕ್ರಮ ಮುಖ್ಯವಲ್ಲದಿದ್ದರೆ ಅದೇ ಕ್ಲಾಸಿನ ಆರ್‌ಈಕ್ವಿವಲೆಂಟ್. ಇದು ಕ್ರಮ ಬಿಟ್ಟರೂ ಪ್ರತಿಯೊಂದು ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡುತ್ತದೆ. ನನ್ನ ಆ ಎರಡೆರಡು ಸಾಲಿನ ತಪ್ಪು ಇದಕ್ಕೆ ಖಂಡಿತ ಸಿಗುತ್ತಿತ್ತು. ಪೈಥಾನ್‌ನಲ್ಲಿ ಈ ಕೆಲಸ ಮಾಡುವುದು ಅಸರ್ಟ್‌ಕೌಂಟ್‌ಈಕ್ವಲ್. ಹೆಸರು ನೋಡಿದರೆ ಬರೀ ಎಣಿಕೆ ನೋಡುತ್ತದೆ ಅನಿಸುತ್ತದೆ, ಅಲ್ವಾ? ಹಾಗಲ್ಲ, ಒಳಗಿರುವುದನ್ನೂ ನೋಡುತ್ತದೆ.

ಯಾವ ಕ್ರಮದಲ್ಲಿ ಬೇಕು ಅಂತ ಹೇಳುವ ಆರ್ಡರ್ ಬೈ ಇಲ್ಲದ ಕ್ವೆರಿಗೆ ಡೇಟಾಬೇಸ್ ಯಾವ ಕ್ರಮವನ್ನೂ ಖಾತ್ರಿ ಕೊಡುವುದಿಲ್ಲ. ಅಂಥ ಕಡೆ ಕ್ರಮ ಹೋಲಿಸಿದರೆ ನಮ್ಮ ಮೆಷಿನ್‌ನಲ್ಲಿ ಪಾಸಾದ ಟೆಸ್ಟ್ ಬಿಲ್ಡ್ ಸರ್ವರ್‌ನಲ್ಲಿ ಫೇಲ್ ಆಗಬಹುದು. ಹಾಗಂತ ಎಲ್ಲ ಕಡೆ ಆರ್‌ಈಕ್ವಿವಲೆಂಟ್ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ವಿಂಗಡಣೆ ಕೆಟ್ಟರೆ ಅದು ಸುಮ್ನೆ ಬಿಟ್ಟುಬಿಡುತ್ತದೆ.

ಎರಡನೆಯ ಪ್ರಶ್ನೆಯೇ ಜಾಸ್ತಿ ಕಷ್ಟ. ಲಿಸ್ಟಿನಲ್ಲಿ ಸಂಖ್ಯೆ ಬದಲು ನಮ್ಮದೇ ಕ್ಲಾಸಿನ ಆಬ್ಜೆಕ್ಟ್ ಇದ್ದು, ಎರಡು ಆಬ್ಜೆಕ್ಟ್ ಯಾವಾಗ ಒಂದೇ ಅಂತ ಹೇಳುವ ಈಕ್ವಲ್ಸ್ ಅನ್ನು ಆ ಕ್ಲಾಸಿನಲ್ಲಿ ಬರೆದಿಲ್ಲದಿದ್ದರೆ ಮತ್ತೆ ಮೊದಲಿನ ಕಥೆಯೇ. ಸಿ ಶಾರ್ಪ್ 9ರಲ್ಲಿ ಬಂದ ರೆಕಾರ್ಡ್ ಎಂಬ ಬಗೆಯ ಕ್ಲಾಸ್ ತನ್ನ ಫೀಲ್ಡ್‌ಗಳನ್ನು ತಾನೇ ಹೋಲಿಸುತ್ತದೆ. ಆದರೆ ರೆಕಾರ್ಡ್ ಒಳಗೊಂದು ಲಿಸ್ಟ್ ಇದ್ದರೆ, ಆ ಲಿಸ್ಟ್‌ಗೆ ಮಾತ್ರ ಒಂದೇ ಆಬ್ಜೆಕ್ಟಾ ಅಂತ ನೋಡುತ್ತದೆ. ಇದು ಗೊತ್ತಾಗಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಟೆಸ್ಟ್‌ಗೋಸ್ಕರ ಮಾತ್ರ ಕ್ಲಾಸಿಗೆ ಈಕ್ವಲ್ಸ್ ಸೇರಿಸುವುದು ನನಗೆ ಇಷ್ಟವಿಲ್ಲ. ಅದನ್ನು ಬರೆದರೆ, ಡಿಕ್ಷನರಿಗಳು ಆಬ್ಜೆಕ್ಟ್ ಹುಡುಕಲು ಬಳಸುವ ಗೆಟ್‌ಹ್ಯಾಶ್‌ಕೋಡ್ ಕೂಡ ಬರೆಯಬೇಕು, ಪ್ರೋಗ್ರಾಮಿನ ಬೇರೆ ಕಡೆಯ ಡಿಕ್ಷನರಿಗಳ ನಡವಳಿಕೆಯೂ ಬದಲಾಗುತ್ತದೆ. ಅದರ ಬದಲು ಟೆಸ್ಟ್‌ನಲ್ಲೇ ಸೆಲೆಕ್ಟ್ ಬಳಸಿ, ಪ್ರತಿ ಆಬ್ಜೆಕ್ಟಿನಿಂದ ಐಡಿ ಮತ್ತು ಮೊತ್ತ ಮಾತ್ರ ತೆಗೆದು, ಆ ಎರಡನ್ನು ಒಟ್ಟಿಗೆ ಇಡುವ ಟ್ಯೂಪಲ್ ಮಾಡಿಕೊಳ್ಳುತ್ತೇನೆ. ಟ್ಯೂಪಲ್‌ಗಳನ್ನು ಹೋಲಿಸುವುದು ಒಳಗಿನ ಮೌಲ್ಯಗಳನ್ನು ನೋಡಿಯೇ. ಈ ಟೆಸ್ಟ್ ಯಾವುದಕ್ಕೆ ಗಮನ ಕೊಡುತ್ತದೆ ಅಂತ ಓದುವವರಿಗೂ ಆ ಒಂದು ಸಾಲಿನಲ್ಲೇ ಕಾಣುತ್ತದೆ.